ವಾಸದ ಮನೆ ಹಾಗೂ ಸರ್ಕಾರಿ ಸೌಲಭ್ಯಗಳ ರಕ್ಷಣೆಗೆ ಉಚಿತ ಕಾನೂನು ನೆರವು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ವಾಸದ ಮನೆಯನ್ನು ಅಥವಾ ಮಾಸಿಕ ಪಿಂಚಣಿಯನ್ನು ಕಳೆದುಕೊಳ್ಳುವ ಸಂದರ್ಭವು ಬಡ ಕುಟುಂಬಕ್ಕೆ ಸಾಮಾನ್ಯವಾಗಿ ಒಂದು ಕಾಗದದ ರೂಪದಲ್ಲಿ ಎದುರಾಗುತ್ತದೆ. ಅದು ಮನೆ ತೆರವುಗೊಳಿಸುವ ನೋಟಿಸು ಆಗಿರಬಹುದು, ಬ್ಯಾಂಕಿನ ಬೇಡಿಕೆ ಪತ್ರ ಆಗಿರಬಹುದು, ಅರ್ಜಿಯನ್ನು ತಿರಸ್ಕರಿಸಿದ ಹಿಂಬರಹ ಆಗಿರಬಹುದು. ಇಂತಹ ಪ್ರತಿಯೊಂದು ಕಾಗದಕ್ಕೂ ಕಾನೂನಿನಲ್ಲಿ ಉತ್ತರ ಕೊಡಲು ಅವಕಾಶವಿದ್ದು, ಆ ಅವಕಾಶಕ್ಕೆ ಬಹುತೇಕ ಒಂದು ಕಾಲಮಿತಿಯೂ ಇರುತ್ತದೆ. ವಕೀಲರ ಶುಲ್ಕ ಭರಿಸಲಾಗದೆಂಬ ಕಾರಣಕ್ಕೆ ಉತ್ತರ ಕೊಡದೆ ಉಳಿದವರು, ತಮ್ಮ ಪರವಾಗಿ ನ್ಯಾಯವಿದ್ದರೂ ಮನೆಯನ್ನಾಗಲಿ ಸೌಲಭ್ಯವನ್ನಾಗಲಿ ಕಳೆದುಕೊಳ್ಳುವ ಸಂಭವವಿರುತ್ತದೆ.

ಇದನ್ನು ತಪ್ಪಿಸುವ ಸಲುವಾಗಿ ಭಾರತ ಸಂವಿಧಾನಕ್ಕೆ 1976ರಲ್ಲಿ 42ನೇ ತಿದ್ದುಪಡಿಯ ಮೂಲಕ 39ಎ ಅನುಚ್ಛೇದವನ್ನು ಸೇರಿಸಲಾಯಿತು. ಆರ್ಥಿಕ ಅಥವಾ ಇತರ ಅಸಮರ್ಥತೆಯ ಕಾರಣದಿಂದ ಯಾವ ನಾಗರಿಕನಿಗೂ ನ್ಯಾಯ ಪಡೆಯುವ ಅವಕಾಶ ತಪ್ಪದಂತೆ ನೋಡಿಕೊಳ್ಳುವುದು ರಾಜ್ಯದ ಕರ್ತವ್ಯವೆಂದು ಸದರಿ ಅನುಚ್ಛೇದವು ತಿಳಿಸುತ್ತದೆ. ಇದನ್ನು ಕಾರ್ಯರೂಪಕ್ಕೆ ತರಲು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ರಚಿತವಾಗಿ, ದಿನಾಂಕ 9-11-1995ರಿಂದ ಜಾರಿಗೆ ಬಂದಿತು. ಈ ಕಾರಣದಿಂದ ಪ್ರತಿ ವರ್ಷ ನವೆಂಬರ್ 9ನ್ನು ಕಾನೂನು ಸೇವೆಗಳ ದಿನವನ್ನಾಗಿ ಆಚರಿಸಲಾಗುತ್ತದೆ.

ಉಚಿತ ಕಾನೂನು ನೆರವು ಎಂದೊಡನೆ ಕ್ರಿಮಿನಲ್ ಪ್ರಕರಣಗಳಲ್ಲಿ ಆರೋಪಿಗೆ ವಕೀಲರನ್ನು ಒದಗಿಸುವುದು ಮಾತ್ರ ಎಂಬ ತಪ್ಪು ತಿಳಿವಳಿಕೆ ಸಾರ್ವಜನಿಕರಲ್ಲಿದೆ. ಸದರಿ ಅಧಿನಿಯಮದ ಪ್ರಕಾರ ನ್ಯಾಯಾಲಯವಲ್ಲದೆ ಇತರ ಪ್ರಾಧಿಕಾರ ಅಥವಾ ನ್ಯಾಯಾಧಿಕರಣದ ಮುಂದಿನ ನಡವಳಿಗಳಲ್ಲಿ ನೀಡುವ ಸೇವೆ ಹಾಗೂ ಯಾವುದೇ ಕಾನೂನು ವಿಷಯದಲ್ಲಿ ನೀಡುವ ಸಲಹೆ ಸಹ "ಕಾನೂನು ಸೇವೆ"ಯಲ್ಲಿ ಸೇರುತ್ತದೆ. ಆದುದರಿಂದ ಬಾಡಿಗೆ ಮನೆ, ಗೃಹ ಸಾಲ, ಪಿಂಚಣಿ, ಪಡಿತರ ಚೀಟಿ ಮುಂತಾದ ದೈನಂದಿನ ವಿಷಯಗಳಿಗೂ ಈ ನೆರವು ದೊರೆಯುತ್ತದೆ.

2. ನೆರವು ನೀಡುವ ಸಂಸ್ಥೆಗಳು

ರಾಷ್ಟ್ರ ಮಟ್ಟದಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವೂ, ರಾಜ್ಯದಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಕಾರ್ಯ ನಿರ್ವಹಿಸುತ್ತವೆ. ರಾಜ್ಯ ಪ್ರಾಧಿಕಾರಕ್ಕೆ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು ಮುಖ್ಯ ಪೋಷಕರಾಗಿರುತ್ತಾರೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ತಾಲ್ಲೂಕು ಮಟ್ಟದಲ್ಲಿ ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿದೆ. ಇವುಗಳ ಕಚೇರಿಗಳು ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತವೆ. ಉಚ್ಚ ನ್ಯಾಯಾಲಯ ಹಾಗೂ ಸರ್ವೋಚ್ಚ ನ್ಯಾಯಾಲಯದ ಪ್ರಕರಣಗಳಿಗೆ ಪ್ರತ್ಯೇಕ ಕಾನೂನು ಸೇವೆಗಳ ಸಮಿತಿಗಳಿವೆ.

ಈ ಸಂಸ್ಥೆಗಳಲ್ಲಿ ಪ್ಯಾನಲ್ ವಕೀಲರು ನ್ಯಾಯಾಲಯದ ಕೆಲಸವನ್ನು ನಿರ್ವಹಿಸುತ್ತಾರೆ. ಅರೆ ಕಾನೂನು ಸ್ವಯಂಸೇವಕರು ಅರ್ಜಿ ಬರೆಯುವುದು, ದಾಖಲೆ ಜೋಡಿಸುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು ಮುಂತಾದ ಸಹಾಯ ನೀಡುತ್ತಾರೆ.

3. ನೆರವು ಪಡೆಯಲು ಅರ್ಹರು

ಅಧಿನಿಯಮದ 12ನೇ ಕಲಮಿನ ಮೇರೆಗೆ ಈ ಕೆಳಕಂಡವರು ಅರ್ಹರಾಗಿರುತ್ತಾರೆ:

ಅ) ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರಿದವರು
ಆ) ಮಾನವ ಸಾಗಾಣಿಕೆ ಅಥವಾ ಬಿಟ್ಟಿ ದುಡಿಮೆಗೆ ಒಳಗಾದವರು
ಇ) ಮಹಿಳೆಯರು ಮತ್ತು ಮಕ್ಕಳು
ಈ) ಅಂಗವಿಕಲ ವ್ಯಕ್ತಿಗಳು
ಉ) ಸಾಮೂಹಿಕ ವಿಪತ್ತು, ಜನಾಂಗೀಯ ಹಿಂಸೆ, ಜಾತಿ ದೌರ್ಜನ್ಯ, ಪ್ರವಾಹ, ಬರ, ಭೂಕಂಪ ಅಥವಾ ಕೈಗಾರಿಕಾ ದುರಂತಕ್ಕೆ ತುತ್ತಾದವರು
ಊ) ಕೈಗಾರಿಕಾ ಕಾರ್ಮಿಕರು
ಋ) ಬಂಧನದಲ್ಲಿರುವವರು, ರಕ್ಷಣಾ ಗೃಹ, ಬಾಲಗೃಹ ಅಥವಾ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ ಇರಿಸಲ್ಪಟ್ಟವರು
ಎ) ಸರ್ಕಾರವು ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ವಾರ್ಷಿಕ ಆದಾಯವುಳ್ಳವರು

ಇವುಗಳಲ್ಲಿ ಆದಾಯದ ಮಿತಿಯು ಕೊನೆಯ ವರ್ಗಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಹಿಳೆಯೊಬ್ಬರು ಎಷ್ಟೇ ಆದಾಯ ಹೊಂದಿದ್ದರೂ ನೆರವಿಗೆ ಅರ್ಹರು. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಇದೇ ಮಾತು ಅನ್ವಯಿಸುತ್ತದೆ. ರಾಜ್ಯದ ನ್ಯಾಯಾಲಯಗಳ ಪ್ರಕರಣಗಳಿಗೆ ಆದಾಯದ ಮಿತಿಯನ್ನು ರಾಜ್ಯ ಸರ್ಕಾರವು ನಿಗದಿಪಡಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಚಾಲ್ತಿಯಲ್ಲಿರುವ ಮಿತಿಯನ್ನು ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಬಹುದು. ಸರ್ವೋಚ್ಚ ನ್ಯಾಯಾಲಯದ ಪ್ರಕರಣಗಳಿಗೆ ಈ ಮಿತಿಯು 5 ಲಕ್ಷ ರೂಪಾಯಿ ಆಗಿರುತ್ತದೆ.

ಹಿರಿಯ ನಾಗರಿಕರೆಂಬ ಪ್ರತ್ಯೇಕ ವರ್ಗವು 12ನೇ ಕಲಮಿನಲ್ಲಿ ಇಲ್ಲ. ಆದರೆ ವೃದ್ಧ ಮಹಿಳೆಯರು ಮಹಿಳೆಯರೆಂಬ ಕಾರಣದಿಂದಲೇ ಅರ್ಹರಾಗುತ್ತಾರೆ. ವೃದ್ಧ ಪುರುಷರು ಆದಾಯ ಅಥವಾ ಮೇಲ್ಕಂಡ ಇತರ ವರ್ಗದಡಿ ಅರ್ಜಿ ಸಲ್ಲಿಸಬಹುದು. ಹಿರಿಯ ನಾಗರಿಕರಿಗೆ ಕಾನೂನು ಸೇವೆ ತಲುಪಿಸಲು ರಾಷ್ಟ್ರೀಯ ಪ್ರಾಧಿಕಾರವು 2016ರಲ್ಲಿ ಪ್ರತ್ಯೇಕ ಯೋಜನೆಯನ್ನೂ ರೂಪಿಸಿದೆ.

4. ವಾಸದ ಮನೆಯನ್ನು ಉಳಿಸಿಕೊಳ್ಳುವ ಸಂದರ್ಭಗಳು

4.1 ಬಾಡಿಗೆದಾರರು

ಬಾಡಿಗೆದಾರರನ್ನು ಕಾನೂನಿನ ವಿಧಾನದ ಹೊರತು ಬೇರೆ ರೀತಿಯಲ್ಲಿ ಹೊರಹಾಕಲು ಮಾಲೀಕರಿಗೆ ಅಧಿಕಾರವಿಲ್ಲ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಅನ್ವಯಿಸುವ ಮನೆಗಳಲ್ಲಿ, ಆ ಅಧಿನಿಯಮದಲ್ಲಿ ಹೇಳಿರುವ ಕಾರಣಗಳನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಿದ ನಂತರವೇ ತೆರವು ಆದೇಶ ಪಡೆಯಬಹುದು. ಆದರೆ ಸದರಿ ಅಧಿನಿಯಮದ ಮೊದಲ ಅನುಸೂಚಿಯ ಎ ಭಾಗದ ನಗರಗಳಲ್ಲಿ ಮಾಸಿಕ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂದಿನ ಬಹಳಷ್ಟು ಬಾಡಿಗೆ ಮನೆಗಳು ಈ ಮಿತಿಯನ್ನು ಮೀರಿರುತ್ತವೆ. ಅಂತಹ ಮನೆಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯಿಸುತ್ತದೆ. ಬೇರೆ ಕರಾರು ಇಲ್ಲದಿದ್ದಲ್ಲಿ ತಿಂಗಳ ಬಾಡಿಗೆಯ ವಾಸದ ಮನೆಗೆ 106ನೇ ಕಲಮಿನಂತೆ 15 ದಿನಗಳ ನೋಟಿಸು ನೀಡಬೇಕು. ಆ ನಂತರವೂ ಬಾಡಿಗೆದಾರರು ಬಿಡದಿದ್ದರೆ ಮಾಲೀಕರು ದಾವೆ ಹೂಡಿ ಡಿಕ್ರಿ ಪಡೆಯಬೇಕೇ ಹೊರತು ಬೀಗ ಹಾಕುವಂತಿಲ್ಲ, ಸಾಮಾನುಗಳನ್ನು ಬೀದಿಗೆ ಹಾಕುವಂತಿಲ್ಲ.

ಹೀಗೆ ಬಲವಂತವಾಗಿ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಇಂತಹ ದಾವೆಯಲ್ಲಿ ಮಾಲೀಕತ್ವ ಯಾರದೆಂಬ ಪ್ರಶ್ನೆಯನ್ನು ನೋಡದೆ, ಅರ್ಜಿದಾರರು ಸ್ವಾಧೀನದಲ್ಲಿದ್ದರೇ ಮತ್ತು ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟರೇ ಎಂಬುದನ್ನು ಮಾತ್ರ ಪರಿಶೀಲಿಸಲಾಗುತ್ತದೆ. (ಸರ್ಕಾರದ ವಿರುದ್ಧ ಈ ಕಲಮಿನಡಿ ದಾವೆ ಹೂಡಲಾಗದು.) ಬಾಡಿಗೆ ಪಾವತಿಸಿದ ರಸೀದಿ, ಬ್ಯಾಂಕ್ ದಾಖಲೆ, ಕರಾರು ಪತ್ರ, ಆ ವಿಳಾಸದ ವಿದ್ಯುತ್ ಬಿಲ್ಲು ಅಥವಾ ಅಡುಗೆ ಅನಿಲದ ಪುಸ್ತಕ ಇಲ್ಲಿ ಮುಖ್ಯ ಸಾಕ್ಷ್ಯಗಳಾಗುತ್ತವೆ.

4.2 ಮಹಿಳೆಯರ ವಾಸದ ಹಕ್ಕು

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಅಧಿನಿಯಮ, 2005 ದಿನಾಂಕ 26-10-2006ರಿಂದ ಜಾರಿಯಲ್ಲಿದೆ. ಮನೆಯು ಪತಿಯ ಹೆಸರಿನಲ್ಲಿರಲಿ ಇಲ್ಲದಿರಲಿ, ಕೌಟುಂಬಿಕ ಸಂಬಂಧದಲ್ಲಿರುವ ಮಹಿಳೆಗೆ ಹಂಚಿಕೊಂಡ ಮನೆಯಲ್ಲಿ ವಾಸಿಸುವ ಹಕ್ಕನ್ನು 17ನೇ ಕಲಂ ನೀಡುತ್ತದೆ. ಆಕೆಯನ್ನು ಮನೆಯಿಂದ ಹೊರಹಾಕದಂತೆ, ಮನೆಯನ್ನು ಪರಭಾರೆ ಮಾಡದಂತೆ, ಅಥವಾ ಆಕೆಗೆ ಸಮಾನ ಮಟ್ಟದ ಬೇರೆ ವಸತಿ ಕಲ್ಪಿಸುವಂತೆ ಮ್ಯಾಜಿಸ್ಟ್ರೇಟರು 19ನೇ ಕಲಮಿನಡಿ ನಿವಾಸದ ಆದೇಶ ಹೊರಡಿಸಬಹುದು. ಅತ್ತೆ ಅಥವಾ ಮಾವನ ಹೆಸರಿನಲ್ಲಿರುವ ಮನೆಯೂ ಹಂಚಿಕೊಂಡ ಮನೆಯಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ 2020ರಲ್ಲಿ ತೀರ್ಪು ನೀಡಿದೆ.

ಅರ್ಜಿ ಬಂದ ನಂತರ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ಇರಿಸಬೇಕೆಂದೂ, 60 ದಿನಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದೂ ಅಧಿನಿಯಮವು ತಿಳಿಸುತ್ತದೆ. ನೊಂದ ಮಹಿಳೆಗೆ ಉಚಿತ ಕಾನೂನು ನೆರವು ದೊರೆಯುವಂತೆ ನೋಡಿಕೊಳ್ಳುವುದು ಸಂರಕ್ಷಣಾಧಿಕಾರಿಗಳ ಕರ್ತವ್ಯವಾಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಬಹುದು.

ತವರಿನ ಮನೆಯ ವಿಷಯದಲ್ಲಿಯೂ ಕಾನೂನು ಬದಲಾಗಿದೆ. ಗಂಡು ವಾರಸುದಾರರು ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಪಾಲು ಕೇಳದಂತೆ ಹೆಣ್ಣು ವಾರಸುದಾರರನ್ನು ತಡೆಯುತ್ತಿದ್ದ ಹಿಂದೂ ಉತ್ತರಾಧಿಕಾರ ಅಧಿನಿಯಮದ 23ನೇ ಕಲಮನ್ನು 2005ರ ತಿದ್ದುಪಡಿಯಲ್ಲಿ ಕೈಬಿಡಲಾಗಿದೆ. ಬಿಡುಗಡೆ ಪತ್ರ ಅಥವಾ ಹಕ್ಕು ನಿವೃತ್ತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಪ್ಯಾನಲ್ ವಕೀಲರಿಗೆ ಅದನ್ನು ತೋರಿಸಿ ಉಚಿತ ಸಲಹೆ ಪಡೆಯುವುದು ಸೂಕ್ತ.

4.3 ಹಿರಿಯ ನಾಗರಿಕರ ಮನೆ

ಮಕ್ಕಳು ನೋಡಿಕೊಳ್ಳುವರೆಂಬ ನಂಬಿಕೆಯಿಂದ ಮನೆಯನ್ನು ದಾನಪತ್ರದ ಮೂಲಕ ಅವರ ಹೆಸರಿಗೆ ಮಾಡಿಕೊಟ್ಟು, ನಂತರ ಆ ಮನೆಯಿಂದಲೇ ಹೊರಗಾದ ತಂದೆ ತಾಯಂದಿರಿಗೆ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರಲ್ಲಿ ಪರಿಹಾರವಿದೆ. ಮೂಲ ಅವಶ್ಯಕತೆಗಳನ್ನು ಪೂರೈಸಬೇಕೆಂಬ ಷರತ್ತಿನ ಮೇಲೆ ಸ್ವತ್ತು ವರ್ಗಾಯಿಸಿ, ಪಡೆದವರು ಅದನ್ನು ಪಾಲಿಸದಿದ್ದಲ್ಲಿ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಲು 23ನೇ ಕಲಮಿನಡಿ ನ್ಯಾಯಮಂಡಳಿಗೆ ಅಧಿಕಾರವಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದರ ಆದೇಶದ ವಿರುದ್ಧ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಇಲ್ಲಿ ಷರತ್ತು ಇತ್ತೆಂಬುದೇ ಪ್ರಕರಣದ ತಿರುಳು. ಷರತ್ತು ಇತ್ತೆಂದು ತೋರಿಸದಿದ್ದರೆ 23ನೇ ಕಲಂ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಈ ಅಧಿನಿಯಮವು ಹಿರಿಯರ ಹಿತಕ್ಕಾಗಿ ಇರುವುದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದೂ, ಅಗತ್ಯವಿದ್ದಲ್ಲಿ ಸ್ವಾಧೀನವನ್ನು ಮರಳಿಸಲು ನ್ಯಾಯಮಂಡಳಿಯು ಆದೇಶಿಸಬಹುದೆಂದೂ ತಿಳಿಸಿತು. ಆದುದರಿಂದ ದಾನಪತ್ರ ಬರೆಸುವಾಗಲೇ ಪೋಷಣೆಯ ಷರತ್ತನ್ನು ಅದರಲ್ಲಿ ಸ್ಪಷ್ಟವಾಗಿ ಸೇರಿಸುವುದು ಉತ್ತಮ. ಈಗಾಗಲೇ ಬರೆಸಿದವರು ದಾನಪತ್ರದ ಪ್ರತಿಯೊಡನೆ, ಅದರ ಜೊತೆ ಮಾಡಿಕೊಂಡ ಯಾವುದೇ ಮುಚ್ಚಳಿಕೆ ಅಥವಾ ಒಪ್ಪಂದ ಪತ್ರವನ್ನೂ ವಕೀಲರಿಗೆ ತೋರಿಸತಕ್ಕದ್ದು. ಹಿರಿಯ ನಾಗರಿಕರ ಸಹಾಯವಾಣಿ ಸಂಖ್ಯೆ 14567.

4.4 ಮನೆಯ ಮೇಲಿನ ಬ್ಯಾಂಕ್ ಸಾಲ

ಗೃಹ ಸಾಲದ ಕಂತು ತಪ್ಪಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಸರ್ಫೇಸಿ ಕಾಯ್ದೆ ಎಂದು ಕರೆಯಲಾಗುವ 2002ರ ಅಧಿನಿಯಮದಡಿ ಕ್ರಮ ಕೈಗೊಳ್ಳುತ್ತವೆ. ಮೊದಲಿಗೆ 13(2)ನೇ ಕಲಮಿನಂತೆ 60 ದಿನಗಳ ಬೇಡಿಕೆ ನೋಟಿಸು ಬರುತ್ತದೆ. ಈ ಅವಧಿಯಲ್ಲಿ ಸಾಲಗಾರರು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರ ನೀಡಬೇಕು. ಆಕ್ಷೇಪಣೆ ಸಲ್ಲಿಸಲು ಯಾವ ಶುಲ್ಕವೂ ಇಲ್ಲ. ಪಾವತಿಸಿದ ಕಂತು ಲೆಕ್ಕಕ್ಕೆ ಬಾರದಿರುವುದು, ಬಡ್ಡಿ ತಪ್ಪಾಗಿರುವುದು, ವಿಮೆಯ ಹಣ ಹೊಂದಾಣಿಕೆಯಾಗದಿರುವುದು ಮುಂತಾದವನ್ನು ಈ ಹಂತದಲ್ಲಿಯೇ ಎತ್ತಬೇಕು.

ಮನೆಯ ಸ್ವಾಧೀನಕ್ಕೆ ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಇಂತಹ ವಿಷಯದಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರ ವ್ಯಾಪ್ತಿ ಇಲ್ಲವಾದ ಕಾರಣ ತಪ್ಪು ಕಡೆ ದಾವೆ ಹೂಡಿ ಈ 45 ದಿನಗಳನ್ನು ಕಳೆದುಕೊಳ್ಳಬಾರದು. ಕೃಷಿ ಭೂಮಿಗೆ, ಒಂದು ಲಕ್ಷ ರೂಪಾಯಿ ಮೀರದ ಸಾಲಕ್ಕೆ ಹಾಗೂ ಅಸಲು ಮತ್ತು ಬಡ್ಡಿಯಲ್ಲಿ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದ ಸಾಲಕ್ಕೆ ಈ ಅಧಿನಿಯಮದಡಿ ಕ್ರಮ ಕೈಗೊಳ್ಳುವಂತಿಲ್ಲ. ಬಾಕಿಯನ್ನು ಪೂರ್ಣವಾಗಿ ತೀರಿಸಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆಗೆ ಮುಂಚಿನವರೆಗೆ ಮಾತ್ರ ಇರುತ್ತದೆ ಎಂಬುದು 2016ರ ತಿದ್ದುಪಡಿಯ ಪರಿಣಾಮವಾಗಿದೆ. ಆದ ಕಾರಣ ಒಂದೇ ಗಂಟಿನ ತೀರುವಳಿಯ ಮಾತುಕತೆಯನ್ನು ಪ್ರಕಟಣೆಗೆ ಮುನ್ನವೇ ಮುಗಿಸಿಕೊಳ್ಳತಕ್ಕದ್ದು.

ಸಣ್ಣ ಸಾಲ ನೀಡುವ ಸಂಸ್ಥೆಗಳು ಬೆದರಿಕೆ ಅಥವಾ ಬಲವಂತದ ವಸೂಲಿ ನಡೆಸುವುದರ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ರಚಿತವಾಗಿದೆ. ಇಂತಹ ಪ್ರಸಂಗಗಳಲ್ಲಿ ಪೊಲೀಸ್ ಠಾಣೆಗೆ ದೂರು ನೀಡಲು ಸಹ ಕಾನೂನು ನೆರವು ದೊರೆಯುತ್ತದೆ.

4.5 ಸಾರ್ವಜನಿಕ ಪ್ರಾಧಿಕಾರಗಳ ತೆರವು ಕ್ರಮ

ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ 1985ರಲ್ಲಿ ತಿಳಿಸಿತು. ಆ ತೀರ್ಪು ಪಾದಚಾರಿ ಮಾರ್ಗದಲ್ಲಿ ನೆಲೆಸುವ ಹಕ್ಕನ್ನು ನೀಡಲಿಲ್ಲವಾದರೂ, ತೆರವು ಕ್ರಮವು ನ್ಯಾಯಯುತ ವಿಧಾನದಲ್ಲಿ ನಡೆಯಬೇಕೆಂಬುದನ್ನು ಸ್ಪಷ್ಟಪಡಿಸಿತು.

ದಿನಾಂಕ 13-11-2024ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟ್ಟಡ ಕೆಡವುವ ಕ್ರಮಗಳಿಗೆ ವಿಸ್ತೃತ ನಿರ್ದೇಶನಗಳನ್ನು ನೀಡಿದೆ. ಅದರಂತೆ ಸ್ಥಳೀಯ ಕಾನೂನಿನ ಅವಧಿ ಅಥವಾ 15 ದಿನ, ಇವುಗಳಲ್ಲಿ ಯಾವುದು ನಂತರವೋ ಅಷ್ಟು ಕಾಲದ ಪೂರ್ವ ನೋಟಿಸನ್ನು ನೋಂದಾಯಿತ ಅಂಚೆಯ ಮೂಲಕ ನೀಡಬೇಕು; ಕಟ್ಟಡದ ಮೇಲೂ ಅಂಟಿಸಬೇಕು; ವೈಯಕ್ತಿಕ ವಿಚಾರಣೆಗೆ ಅವಕಾಶ ಕೊಡಬೇಕು; ಅಂತಿಮ ಆದೇಶದಲ್ಲಿ ಕಾರಣಗಳನ್ನು ದಾಖಲಿಸಬೇಕು; ಆದೇಶದ ನಂತರವೂ 15 ದಿನ ಕಾಯಬೇಕು. ರಸ್ತೆ, ಪಾದಚಾರಿ ಮಾರ್ಗ, ರೈಲು ಮಾರ್ಗದ ಪಕ್ಕ, ನದಿ ಅಥವಾ ಜಲಮೂಲಗಳಂತಹ ಸಾರ್ವಜನಿಕ ಸ್ಥಳದಲ್ಲಿನ ಅನಧಿಕೃತ ಕಟ್ಟಡಗಳಿಗೆ ಹಾಗೂ ನ್ಯಾಯಾಲಯದ ಆದೇಶವಿರುವ ಪ್ರಕರಣಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ.

ಸರ್ಕಾರಿ ಆವರಣಗಳ ವಿಷಯದಲ್ಲಿ 1974ರ ರಾಜ್ಯ ಅಧಿನಿಯಮದಡಿ ಸಕ್ಷಮ ಅಧಿಕಾರಿಯು ಮೊದಲು ಕಾರಣ ಕೇಳುವ ನೋಟಿಸು ನೀಡಬೇಕು. ಅವರ ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಬಹುದು. ಕೊಳಚೆ ಪ್ರದೇಶದ ನಿವಾಸಿಗಳ ಪ್ರಕರಣದಲ್ಲಿ ಆ ಪ್ರದೇಶವು 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಅಧಿನಿಯಮದಡಿ ಘೋಷಿತವಾಗಿದೆಯೇ ಎಂಬುದನ್ನು ವಕೀಲರು ಮೊದಲು ಪರಿಶೀಲಿಸುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ಸರ್ಕಾರಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರು ಭೂಕಂದಾಯ ಅಧಿನಿಯಮದ 94ಸಿ ಕಲಮಿನಡಿ ಸಕ್ರಮಕ್ಕೆ ಅರ್ಜಿ ಸಲ್ಲಿಸಿದ್ದಲ್ಲಿ, ಅದರ ಸ್ವೀಕೃತಿಯನ್ನು ತಪ್ಪದೆ ಹಾಜರುಪಡಿಸಬೇಕು.

5. ಸರ್ಕಾರಿ ಸೌಲಭ್ಯಗಳನ್ನು ಉಳಿಸಿಕೊಳ್ಳುವ ಸಂದರ್ಭಗಳು

ಬಡತನ ನಿರ್ಮೂಲನಾ ಯೋಜನೆಗಳು ಫಲಾನುಭವಿಗಳಿಗೆ ತಲುಪುವಂತೆ ನೋಡಿಕೊಳ್ಳಲು ರಾಷ್ಟ್ರೀಯ ಪ್ರಾಧಿಕಾರವು 2015ರಲ್ಲಿ ಒಂದು ಯೋಜನೆಯನ್ನು ರೂಪಿಸಿತು. ಇದರಡಿ ಕಾನೂನು ಸೇವಾ ಸಂಸ್ಥೆಗಳು ಅರ್ಜಿ ಸಲ್ಲಿಸಲು ಸಹಾಯ ಮಾಡುವುದಲ್ಲದೆ, ಅರ್ಜಿಯನ್ನು ಸ್ವೀಕರಿಸದ ಅಥವಾ ಸೌಲಭ್ಯ ನೀಡದ ಕಚೇರಿಯ ವಿಷಯವನ್ನು ಮೇಲಧಿಕಾರಿಗಳ ಗಮನಕ್ಕೂ ತರುತ್ತವೆ.

5.1 ಸಾಮಾಜಿಕ ಭದ್ರತಾ ಪಿಂಚಣಿ

ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲ ವೇತನ, ಮನಸ್ವಿನಿ, ಮೈತ್ರಿ ಮುಂತಾದ ಪಿಂಚಣಿಗಳು ನಿಂತುಹೋಗಲು ಹಲವು ಕಾರಣಗಳಿರುತ್ತವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು, ಹೆಸರಿನಲ್ಲಿ ವ್ಯತ್ಯಾಸ, ಭೌತಿಕ ಪರಿಶೀಲನೆಯ ದಿನ ಮನೆಯಲ್ಲಿ ಇಲ್ಲದಿರುವುದು, ಜೀವಂತವಿರುವವರನ್ನು ಮೃತರೆಂದು ತಪ್ಪಾಗಿ ನಮೂದಿಸುವುದು ಇವುಗಳಲ್ಲಿ ಕೆಲವು. ಇವುಗಳಲ್ಲಿ ಯಾವ ಕಾರಣದಿಂದ ಪಿಂಚಣಿ ನಿಂತಿದೆ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳುವುದೇ ಮೊದಲ ಹೆಜ್ಜೆ. ಬಾಯಿಮಾತಿನ ಉತ್ತರದ ಮೇಲೆ ಮೇಲ್ಮನವಿ ಸಲ್ಲಿಸಲು ಸಾಧ್ಯವಾಗದು. ತಹಶೀಲ್ದಾರರ ಕಚೇರಿ ಅಥವಾ ನಾಡಕಚೇರಿಗೆ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದು, ಹಿಂಬರಹ ಕೋರಬೇಕು.

ಹಿಂಬರಹ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರು ಇದಕ್ಕೆ ಶುಲ್ಕ ನೀಡಬೇಕಾಗಿಲ್ಲ. ಉತ್ತರವನ್ನು 30 ದಿನಗಳೊಳಗೆ ನೀಡಬೇಕು. ಸಕಾಲ ಸೇವೆಗಳ ಪಟ್ಟಿಯಲ್ಲಿರುವ ಸೇವೆಯಾದಲ್ಲಿ, ನಿಗದಿತ ಅವಧಿ ಮೀರಿದ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೋರಲು ಹಾಗೂ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ನಿದರ್ಶನಕ್ಕೆ, ವಿಧವಾ ವೇತನ ಪಡೆಯುತ್ತಿದ್ದ ಮಹಿಳೆಯೊಬ್ಬರು ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದಾಗ ಪರಿಶೀಲನೆ ನಡೆದು, ವಿಳಾಸದಲ್ಲಿ ವಾಸವಿಲ್ಲವೆಂದು ವರದಿಯಾಗಿ ವೇತನ ನಿಂತಿದೆಯೆಂದು ಭಾವಿಸಬಹುದು. ಅರೆ ಕಾನೂನು ಸ್ವಯಂಸೇವಕರು ಆಕೆಯ ಪರವಾಗಿ ಮನವಿ ಬರೆದು, ವಾಸಸ್ಥಳದ ದಾಖಲೆ ಜೋಡಿಸಿ ಪುನಃ ಪರಿಶೀಲನೆ ಕೋರುತ್ತಾರೆ. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಮನವಿಯಲ್ಲಿ ಕೇಳುವುದು ಮುಖ್ಯ. ಹಾಗೆ ಕೇಳದಿದ್ದಲ್ಲಿ ವೇತನ ಮುಂದಿನ ತಿಂಗಳಿನಿಂದ ಮಾತ್ರ ಆರಂಭವಾಗುವ ಸಾಧ್ಯತೆಯಿದೆ.

5.2 ಪಡಿತರ ಚೀಟಿ

ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಆಹಾರ ಧಾನ್ಯ ಪಡೆಯುವ ಹಕ್ಕಿದೆ. ಪಡಿತರ ಚೀಟಿ ರದ್ದಾದರೆ ಅದಕ್ಕೆ ಜೋಡಣೆಯಾಗಿರುವ ಇತರ ಸೌಲಭ್ಯಗಳಿಗೂ ಅಡಚಣೆಯಾಗುವುದರಿಂದ ವಿಳಂಬ ಮಾಡಬಾರದು. ದೂರನ್ನು ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗಳಿಗೆ ಸಲ್ಲಿಸಬಹುದು. ಅವರ ಆದೇಶದಿಂದ ಸಮಾಧಾನವಾಗದಿದ್ದಲ್ಲಿ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಬೆರಳಚ್ಚು ಹೊಂದಾಣಿಕೆಯಾಗಲಿಲ್ಲ ಎಂಬ ಕಾರಣವೊಂದರಿಂದಲೇ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬುದು ಸರ್ವೋಚ್ಚ ನ್ಯಾಯಾಲಯದ 2018ರ ಆಧಾರ್ ತೀರ್ಪಿನಲ್ಲಿಯೂ ವ್ಯಕ್ತವಾಗಿದೆ.

5.3 ಜೀವನಾಂಶ ಮತ್ತು ಇತರ ಬಾಕಿಗಳು

ಪತಿಯಿಂದ ಪರಿತ್ಯಕ್ತರಾದ ಮಹಿಳೆಯರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 144ನೇ ಕಲಮಿನಡಿ (ದಿನಾಂಕ 1-7-2024ಕ್ಕೆ ಮುನ್ನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ) ಜೀವನಾಂಶ ಕೋರಬಹುದು. ವಿದ್ಯುತ್, ನೀರು ಸರಬರಾಜು, ಅಂಚೆ, ವಿಮೆ, ಆಸ್ಪತ್ರೆ ಮುಂತಾದ ಸಾರ್ವಜನಿಕ ಉಪಯುಕ್ತ ಸೇವೆಗಳ ವಿವಾದಗಳನ್ನು ಖಾಯಂ ಜನತಾ ನ್ಯಾಯಾಲಯಕ್ಕೆ ಒಯ್ಯಬಹುದು. 2002ರ ತಿದ್ದುಪಡಿಯಿಂದ ಸ್ಥಾಪಿತವಾದ ಈ ನ್ಯಾಯಾಲಯವು ಮೊದಲು ರಾಜಿಗೆ ಪ್ರಯತ್ನಿಸಿ, ರಾಜಿಯಾಗದಿದ್ದಲ್ಲಿ ಅಪರಾಧಕ್ಕೆ ಸಂಬಂಧಿಸದ ವಿವಾದಗಳನ್ನು ತಾನೇ ತೀರ್ಮಾನಿಸುತ್ತದೆ.

6. ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯನ್ನು ತಾಲ್ಲೂಕು ಸಮಿತಿ, ಜಿಲ್ಲಾ ಪ್ರಾಧಿಕಾರ ಅಥವಾ ಸಂಬಂಧಿಸಿದ ಉಚ್ಚ ನ್ಯಾಯಾಲಯ ಸಮಿತಿಗೆ ಸಲ್ಲಿಸಬಹುದು. ಅರ್ಜಿಗೆ ಶುಲ್ಕವಿರುವುದಿಲ್ಲ. ಓದು ಬರಹ ಬಾರದವರು ವಿಷಯವನ್ನು ಬಾಯಿಮಾತಿನಲ್ಲಿ ತಿಳಿಸಿದಲ್ಲಿ ಕಚೇರಿಯಲ್ಲಿಯೇ ಬರೆದುಕೊಳ್ಳಲಾಗುವುದು. ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 15100ಕ್ಕೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

1) ಗುರುತು ಹಾಗೂ ವಾಸಸ್ಥಳದ ದಾಖಲೆ
2) ಅರ್ಹತೆಗೆ ಅನುಗುಣವಾಗಿ ಜಾತಿ ಪ್ರಮಾಣ ಪತ್ರ, ಅಂಗವಿಕಲತೆಯ ಪ್ರಮಾಣ ಪತ್ರ ಅಥವಾ ಆದಾಯದ ಬಗ್ಗೆ ಪ್ರಮಾಣ ಪತ್ರ (ಅಫಿಡವಿಟ್)
3) ಬಂದಿರುವ ನೋಟಿಸು, ಸಮನ್ಸು, ಆದೇಶ ಅಥವಾ ಹಿಂಬರಹ; ಸಾಧ್ಯವಾದರೆ ಅದು ಬಂದ ಲಕೋಟೆ ಸಹಿತ
4) ಮನೆ ಅಥವಾ ಸೌಲಭ್ಯಕ್ಕೆ ಸಂಬಂಧಿಸಿದ ಕರಾರು, ಹಕ್ಕುಪತ್ರ, ಖಾತೆ, ತೆರಿಗೆ ರಸೀದಿ, ಪಾಸ್‌ಪುಸ್ತಕ ಇತ್ಯಾದಿ

ಲಕೋಟೆಯನ್ನು ಇಟ್ಟುಕೊಳ್ಳುವಂತೆ ಹೇಳಲು ಕಾರಣವಿದೆ. ಅನೇಕ ಪ್ರಕರಣಗಳಲ್ಲಿ ಕಾಲಮಿತಿಯು ನೋಟಿಸು ಅಥವಾ ಆದೇಶ ತಲುಪಿದ ದಿನದಿಂದ ಆರಂಭವಾಗುವುದರಿಂದ, ಅಂಚೆ ಮುದ್ರೆಯೇ ಆ ದಿನಾಂಕಕ್ಕೆ ಸಾಕ್ಷ್ಯವಾಗುತ್ತದೆ. ಎಲ್ಲ ದಾಖಲೆಗಳು ಕೈಗೆ ಬರುವವರೆಗೆ ಅರ್ಜಿಯನ್ನು ತಡಮಾಡುವ ಅಗತ್ಯವಿಲ್ಲ. ಆದಾಯದ ಬಗ್ಗೆ ಅರ್ಜಿದಾರರ ಅಫಿಡವಿಟ್ಟನ್ನು ನಂಬದಿರಲು ಕಾರಣವಿಲ್ಲದಿದ್ದರೆ ಅದನ್ನೇ ಸಾಕೆಂದು ಪರಿಗಣಿಸಲು 13ನೇ ಕಲಂ ಅವಕಾಶ ನೀಡುತ್ತದೆ.

ಪ್ರಕರಣವನ್ನು ನಡೆಸಲು ಅಥವಾ ಎದುರಿಸಲು ಮೇಲ್ನೋಟಕ್ಕೆ ಆಧಾರವಿದೆಯೇ ಎಂದು ಪರಿಶೀಲಿಸಿ, ಸಾಧ್ಯವಾದರೆ ಅದೇ ದಿನ, ಇಲ್ಲವಾದಲ್ಲಿ ಏಳು ದಿನಗಳೊಳಗೆ ತೀರ್ಮಾನ ಕೈಗೊಳ್ಳಲಾಗುತ್ತದೆ. ಅರ್ಜಿ ತಿರಸ್ಕೃತವಾದಲ್ಲಿ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಅಂಗೀಕೃತವಾದಲ್ಲಿ ವಕೀಲರ ಶುಲ್ಕ, ನ್ಯಾಯಾಲಯ ಶುಲ್ಕ, ದಸ್ತಾವೇಜುಗಳ ತರ್ಜುಮೆ, ದೃಢೀಕೃತ ನಕಲು ಮುಂತಾದ ವೆಚ್ಚಗಳನ್ನು ಕಾನೂನು ಸೇವಾ ಸಂಸ್ಥೆಯೇ ಭರಿಸುತ್ತದೆ.

7. ರಾಜಿ ಮಾಡಿಕೊಳ್ಳುವ ಮುನ್ನ

ಜನತಾ ನ್ಯಾಯಾಲಯದಲ್ಲಿ (ಲೋಕ ಅದಾಲತ್) ಬಾಡಿಗೆ, ಸಾಲ ಮುಂತಾದ ವಿವಾದಗಳು ಖರ್ಚಿಲ್ಲದೆ ಶೀಘ್ರವಾಗಿ ಬಗೆಹರಿಯುತ್ತವೆ. ಅಲ್ಲಿ ಆದ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾಗಿದ್ದು, ಅದರ ವಿರುದ್ಧ ಮೇಲ್ಮನವಿ ಇರುವುದಿಲ್ಲ. ಆದುದರಿಂದ ಇಂತಹ ದಿನಾಂಕದೊಳಗೆ ಮನೆ ಬಿಡುತ್ತೇನೆ ಅಥವಾ ಇಷ್ಟು ಕಂತು ಕಟ್ಟುತ್ತೇನೆ ಎಂದು ಸಹಿ ಹಾಕಿದವರು ಅದಕ್ಕೆ ಬದ್ಧರಾಗಿರುತ್ತಾರೆ. ರಾಜಿಯ ಷರತ್ತುಗಳನ್ನು ಕನ್ನಡದಲ್ಲಿ ಓದಿಸಿಕೊಂಡು, ಪಾಲಿಸಲು ಸಾಧ್ಯವೇ ಎಂದು ಮನೆಯವರೊಡನೆ ವಿಚಾರಿಸಿ, ವಕೀಲರಿಂದ ವಿವರಣೆ ಪಡೆದ ನಂತರವೇ ಸಹಿ ಹಾಕತಕ್ಕದ್ದು. ರಾಜಿಯು ಸ್ವಇಚ್ಛೆಯದಾಗಿದ್ದು, ಒಪ್ಪದಿದ್ದಲ್ಲಿ ಪ್ರಕರಣವು ನ್ಯಾಯಾಲಯದಲ್ಲಿ ಎಂದಿನಂತೆ ಮುಂದುವರಿಯುತ್ತದೆ.

8. ನೆನಪಿಡಬೇಕಾದ ಕಾಲಮಿತಿಗಳು

- ಬ್ಯಾಂಕಿನ ಬೇಡಿಕೆ ನೋಟಿಸಿಗೆ ಆಕ್ಷೇಪಣೆ: 60 ದಿನಗಳೊಳಗೆ
- ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ: 45 ದಿನ
- ಬಲವಂತವಾಗಿ ಹೊರಹಾಕಲ್ಪಟ್ಟಲ್ಲಿ ಸ್ವಾಧೀನದ ದಾವೆ: 6 ತಿಂಗಳು
- ಹಿರಿಯ ನಾಗರಿಕರ ನ್ಯಾಯಮಂಡಳಿಯ ಆದೇಶದ ವಿರುದ್ಧ ಮೇಲ್ಮನವಿ: 60 ದಿನ
- ಕೌಟುಂಬಿಕ ದೌರ್ಜನ್ಯ ಪ್ರಕರಣದ ಆದೇಶದ ವಿರುದ್ಧ ಮೇಲ್ಮನವಿ: 30 ದಿನ
- ಮಾಹಿತಿ ಹಕ್ಕು ಅರ್ಜಿಯ ಮೊದಲ ಮೇಲ್ಮನವಿ: 30 ದಿನ

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೇಮಕಗೊಂಡ ವಕೀಲರು ಹಣ ಕೇಳಿದರೆ ಏನು ಮಾಡಬೇಕು?
ಉತ್ತರ: ಪ್ಯಾನಲ್ ವಕೀಲರು ಅರ್ಜಿದಾರರಿಂದ ಯಾವುದೇ ಹಣ ಪಡೆಯುವಂತಿಲ್ಲ. ಅಂತಹ ಸಂದರ್ಭದಲ್ಲಿ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ಲಿಖಿತ ದೂರು ನೀಡಬಹುದು. ವಕೀಲರನ್ನು ಬದಲಾಯಿಸುವಂತೆಯೂ ಕೋರಬಹುದು.

ಪ್ರಶ್ನೆ: ಪ್ರಕರಣ ಈಗಾಗಲೇ ನಡೆಯುತ್ತಿದ್ದಲ್ಲಿ ನೆರವು ದೊರೆಯುವುದೇ?
ಉತ್ತರ: ದೊರೆಯುತ್ತದೆ. ಪ್ರಕರಣದ ಯಾವುದೇ ಹಂತದಲ್ಲಿ ಅರ್ಜಿ ಸಲ್ಲಿಸಬಹುದು. ಮೇಲ್ಮನವಿಗೂ ನೆರವು ಕೋರಬಹುದು.

ಪ್ರಶ್ನೆ: ನಾಳೆಯೇ ಮನೆ ತೆರವುಗೊಳಿಸುವುದಾಗಿ ತಿಳಿಸಿದ್ದಾರೆ. ಏಳು ದಿನ ಕಾಯಬೇಕೇ?
ಉತ್ತರ: ಕಾಯಬೇಕಾಗಿಲ್ಲ. ನೋಟಿಸಿನೊಂದಿಗೆ ಕಚೇರಿಗೆ ಖುದ್ದಾಗಿ ಹಾಜರಾಗಿ ತುರ್ತನ್ನು ತಿಳಿಸಿದಲ್ಲಿ, ತಡೆಯಾಜ್ಞೆ ಕೋರುವ ಬಗ್ಗೆ ಕೂಡಲೇ ಸಲಹೆ ಪಡೆಯಬಹುದು.

ಪ್ರಶ್ನೆ: ಎದುರು ಪಕ್ಷದವರು ಸರ್ಕಾರಿ ಇಲಾಖೆಯಾದಲ್ಲಿ ನೆರವು ಸಿಗುವುದೇ?
ಉತ್ತರ: ಸಿಗುತ್ತದೆ. ಕಾನೂನು ಸೇವೆಗಳ ಸಂಸ್ಥೆಗಳು ನ್ಯಾಯಾಂಗದ ಅಧಿಕಾರಿಗಳ ಅಧ್ಯಕ್ಷತೆಯಲ್ಲಿ ಕಾರ್ಯ ನಿರ್ವಹಿಸುತ್ತವೆ.

ಪ್ರಶ್ನೆ: ಮಂಜೂರಾದ ನೆರವನ್ನು ಹಿಂಪಡೆಯಬಹುದೇ?
ಉತ್ತರ: ಸುಳ್ಳು ಮಾಹಿತಿ ನೀಡಿ ನೆರವು ಪಡೆದಿದ್ದಲ್ಲಿ, ವಕೀಲರೊಡನೆ ಸಹಕರಿಸದಿದ್ದಲ್ಲಿ ಅಥವಾ ಅರ್ಜಿದಾರರು ಬೇರೆ ವಕೀಲರನ್ನು ತಾವೇ ನೇಮಿಸಿಕೊಂಡಲ್ಲಿ ಹಿಂಪಡೆಯಬಹುದು.

10. ಕೊನೆಯದಾಗಿ

ನೋಟಿಸು ಬಂದ ದಿನವೇ ಅದರ ಮೇಲೆ ತಲುಪಿದ ದಿನಾಂಕವನ್ನು ಬರೆದಿಟ್ಟುಕೊಂಡು, ಸಮೀಪದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ನೆರೆಹೊರೆಯ ವೃದ್ಧರು, ವಿಧವೆಯರು, ಓದು ಬರಹ ಬಾರದವರಿಗೆ ಇಂತಹ ಕಾಗದ ಬಂದಿರುವುದು ಗೊತ್ತಾದಲ್ಲಿ, ಅವರನ್ನು ಸಮಿತಿಯ ಕಚೇರಿಗೆ ಕರೆತರುವುದು ಸಹ ಉಪಕಾರವಾಗುತ್ತದೆ.

ಸೂಚನೆ: ಮೇಲ್ಕಂಡ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿ ಪ್ರಕರಣದ ಸಂಗತಿಗಳು ಬೇರೆ ಬೇರೆಯಾಗಿರುವುದರಿಂದ, ಕ್ರಮ ಕೈಗೊಳ್ಳುವ ಮುನ್ನ ಪ್ಯಾನಲ್ ವಕೀಲರ ಸಲಹೆ ಪಡೆಯತಕ್ಕದ್ದು.